ಹದಿಮೂರು ಕಿಲೋ ಆವಿ

“ಒಂದೊಂದು ಕೊಪ್ಪರಿಗೆಗೂ ಹದಿಮೂರು ಕಿಲೋ ಹೂರಣ ಒಳಗಿಳಿಸ್ತೀಯ, ಆದ್ರೂ ಹೀಗೆ ಒಣಕಡ್ಡಿ ಥರ ಇದ್ದೀಯಲ್ಲೋ. ಹೊಟ್ಟೇಲಿ ಹುಳ ಏನಾದ್ರೂ ಸಾಕಿದ್ದೀಯಾ?”

ಬೇಕರಿಯ ಮಾಲಿನ ಗುಣಮಟ್ಟ ನೋಡಿಕೊಳ್ಳುವ ಕ್ವಾಲಿಟಿ ಸಾರ್ ಇದನ್ನು ತಮ್ಮ ಗಾಜಿನ ಕೋಣೆಗೆ ಕರೆಸಿಕೊಂಡು ಕೇಳಲಿಲ್ಲ. ಬೆಳಗಿನ ಹತ್ತೂವರೆಗೆ, ಪ್ಯಾಕಿಂಗ್ ಹಾಲಿನ ನಟ್ಟನಡುವೆ ನಿಂತು ಕೇಳಿದರು. ಉದ್ದ ಮೇಜಿನ ಎರಡೂ ಕಡೆ ಹದಿನಾಲ್ಕು ಹೆಂಗಸರು ರಟ್ಟಿನ ಡಬ್ಬ ಮಡಚುತ್ತಿದ್ದರು. ಓವನ್ನಿನ ಬಾಗಿಲಲ್ಲಿ, ಎಲ್ಲರೂ ಓವನ್ ತಾತ ಅನ್ನುವ ಮುದುಕ ಟ್ರೇ ಎಳೆಯುತ್ತಿದ್ದ. ಲಾರಿಗೆ ತುಂಬುವ ಇಬ್ಬರು ಗೋಡೆಗೊರಗಿ ಟೀ ಕುಡಿಯುತ್ತಿದ್ದರು. ಮೊದಲು ಒಬ್ಬರು, ಆಮೇಲೆ ಇಬ್ಬರು, ಆಮೇಲೆ ಎಲ್ಲರೂ ನಕ್ಕರು. ನಗು ಬಂತು ಅಂತಲ್ಲ. ಸಾರ್ ತಮಾಷೆ ಮಾಡಿದಾಗ ನಗುವುದೂ ಸಂಬಳದೊಳಗೇ ಸೇರಿದ ಕೆಲಸ.

ಅನ್ನಿಸಿಕೊಂಡವನು ಸೇಬಿನ ರಸ ಮೆತ್ತಿದ ಏಪ್ರನ್ ಕಟ್ಟಿಕೊಂಡು, ತನ್ನೆದೆಯಷ್ಟು ಎತ್ತರದ, ಕೊಪ್ಪರಿಗೆ ಕಲಕುವ ಮರದ ಹುಟ್ಟನ್ನು ಹಿಡಿದು ನಿಂತಿದ್ದ. ಇಪ್ಪತ್ತನಾಲ್ಕು ವರ್ಷ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಬೇಕರಿಯ ತುಂಬ ಅವನು ಹೂರಣ. ಪಫ್‌ನೊಳಗೆ ತುಂಬುವ ಸೇಬಿನ ಹೂರಣ ಬೇಯಿಸುವವನು ಅವನೇ ಆದ್ದರಿಂದ ಆ ಹೆಸರು ಗೋಂದಿನ ಹಾಗೆ ಅಂಟಿಕೊಂಡು, ಈಗ ಅವನಿಗೂ ಅದೇ ಸರಿ ಅನ್ನಿಸಿಬಿಟ್ಟಿತ್ತು.

ಸಾರ್ ಕೈಯಲ್ಲಿದ್ದ ಹಾಳೆಯ ಲೆಕ್ಕ ಸುಲಭದ್ದು. ಒಂದು ಕೊಪ್ಪರಿಗೆಗೆ ಸಿಪ್ಪೆ, ಬೀಜ ತೆಗೆದು ಹೆಚ್ಚಿದ ಸೇಬು ಇಪ್ಪತ್ತು ಕಿಲೋ, ಸಕ್ಕರೆ ಆರು ಕಿಲೋ, ಒಟ್ಟು ಇಪ್ಪತ್ತಾರು. ಒಂದು ಪಫ್‌ಗೆ ಐವತ್ತು ಗ್ರಾಂ ಹೂರಣ. ಅಂದರೆ ಒಂದು ಕೊಪ್ಪರಿಗೆಗೆ ಐನೂರ ಇಪ್ಪತ್ತು ಪಫ್ ಆಗಬೇಕು. ಆಗುತ್ತಿದ್ದದ್ದು ಇನ್ನೂರ ಅರವತ್ತು. ಉಳಿದ ಇನ್ನೂರ ಅರವತ್ತಕ್ಕೆ ದಿನಾ ಎರಡನೇ ಕೊಪ್ಪರಿಗೆ ಒಲೆ ಏರುತ್ತಿತ್ತು. ಸೇಬಿನ ಪಫ್ ಶುರುವಾದ ಮೂರು ತಿಂಗಳಿಂದ ಹೀಗೇ ನಡೆದಿತ್ತು. ಸಾರ್ ಕಣ್ಣಿಗೆ ಬಿದ್ದದ್ದು ಮಾತ್ರ ನಿನ್ನೆ ಸಂಜೆ.

“ಆವಿ ಸಾರ್. ಕುದ್ದು ಕುದ್ದು ಆವಿಯಾಗಿ ಹೋಗುತ್ತೆ,” ಅಂದ ಹೂರಣ.

“ಒಂದೋ ಎರಡೋ ಕಿಲೋ ಹೋಗುತ್ತೆ ಅನ್ನು, ಒಪ್ಕೋತೀನಿ. ಅರ್ಧಕ್ಕರ್ಧ ಹೋಗುತ್ತಾ? ಎಂಟನೇ ಕ್ಲಾಸಿಗೇ ಬಿಟ್ಟವನಂತಲ್ಲ ನೀನು. ಭಾಗಾಕಾರ ಬರೋಕೆ ಮುಂಚೆ ಬಿಟ್ಟೆಯೋ, ಬಂದ ಮೇಲೆ ಬಿಟ್ಟೆಯೋ?”

ಎರಡನೇ ಸಲದ ನಗು ಮೊದಲಿನದಕ್ಕಿಂತ ಜೋರಾಗಿತ್ತು. ಡಬ್ಬಗಳಿಗೆ ಟೇಪು ಸುತ್ತುವ ಟೇಪಕ್ಕ ಒಬ್ಬಳೇ ನಗದೆ ತಲೆ ತಗ್ಗಿಸಿ ಟೇಪು ಕೀಳುತ್ತಿದ್ದಳು. ಹೂರಣನಿಗೆ ಉತ್ತರ ಹೊಳೆಯಲಿಲ್ಲ. ಅವನ ಹಣೆಬರಹವೇ ಅದು. ಮಾತು ಬೇಕಾದಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ತಿರುಗಿ ಹೋಗಿ ಕೊಪ್ಪರಿಗೆ ಕಲಕಲು ನಿಂತ ಮೇಲೆ ಉತ್ತರಗಳು ಸಾಲುಗಟ್ಟಿ ಬರುತ್ತಿದ್ದವು, ಒಂದಕ್ಕಿಂತ ಒಂದು ಖಾರವಾಗಿ. ‘ಒಲೆ ಮುಂದೆ ಒಂದು ಗಂಟೆ ನಿಲ್ಲಿ ಸಾರ್, ನಿಮ್ಮ ಹೊಟ್ಟೆಯೂ ಅರ್ಧಕ್ಕಿಳಿಯುತ್ತೆ.’ ಇದು ಬಂದದ್ದು ಹನ್ನೊಂದು ಗಂಟೆಗೆ. ‘ನಿಮಗೆ ಭಾಗಾಕಾರ ಬರುತ್ತೆ, ಬೆಂಕಿ ಹಚ್ಚೋಕೆ ಬರುತ್ತಾ?’ ಇದು ಹನ್ನೊಂದೂಕಾಲಿಗೆ. ಊಟದ ಹೊತ್ತಿಗೆ ಹದಿನೇಳು ಉತ್ತರ ಸಿದ್ಧವಾಗಿದ್ದವು. ಕೇಳುವುದಕ್ಕೆ ಅಲ್ಲಿ ಇದ್ದದ್ದು ಸೇಬು ಮಾತ್ರ.

ಸಾರ್ ಓದಿದ್ದು ವ್ಯಾಪಾರದ ಓದು. ಕಂಪ್ಯೂಟರಿನಲ್ಲಿ ಪದಾರ್ಥ, ತೂಕ ಎರಡನ್ನೂ ತುಂಬಿದರೆ ಡಬ್ಬದ ಹಿಂದೆ ಅಂಟಿಸುವ ಪೌಷ್ಟಿಕಾಂಶದ ಚೀಟಿ ತಾನಾಗಿ ಹೊರಬರುತ್ತಿತ್ತು. ಒಲೆ ಮನೆಗೆ ಅವರು ಬರುತ್ತಿರಲಿಲ್ಲ. ಬಂದರೆ ಕನ್ನಡಕ ಮಬ್ಬಾಗುತ್ತದಂತೆ.

ಅರ್ಧಕ್ಕರ್ಧ ಹೋಗುತ್ತಿದ್ದದ್ದು ಮಾತ್ರ ನಿಜ. ಅದಕ್ಕೊಂದು ಕತೆಯಿತ್ತು. ‘ಸೇಬು ಮೆತ್ತಗಾಗುವವರೆಗೆ ಬೇಯಿಸಿ’ ಅಂತ ಒಲೆ ಮನೆಯ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆದಿತ್ತು. ಮೊದಲ ವಾರ ಹೂರಣ ಹಾಗೇ ಮಾಡಿದ. ಓವನ್ನಿನ ಕಾವು ತಗಲುತ್ತಲೇ ನೀರು ನೀರಾದ ಹೂರಣ ಪಫ್‌ನ ಪಕ್ಕೆ ಒಡೆದುಕೊಂಡು ಹೊರಗೆ ಹರಿದು, ಟ್ರೇಗೆ ಹತ್ತಿ, ಕರಿ ಡಾಂಬರಾಯಿತು. ಟ್ರೇ ಕೆರೆಯಬೇಕಾದವನು ಓವನ್ ತಾತ. “ನಿನ್ನ ಹೂರಣಕ್ಕೆ ಕಾಲು ಬಂದಿದೆ ಕಣೋ, ಟ್ರೇ ತುಂಬಾ ಓಡಾಡ್ತಾ ಇದೆ,” ಅಂತ ನಾಲ್ಕು ದಿನ ಬೈದ. ಐದನೇ ದಿನ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಹುಟ್ಟನ್ನು ನಡುವೆ ಚುಚ್ಚಿ ಕೈಬಿಟ್ಟರೆ ಅದು ತಾನಾಗಿ ನಿಲ್ಲಬೇಕು, ಅಲ್ಲಿಯವರೆಗೂ ಕಾಯಿಸಬೇಕು. ಅರ್ಧ ಗಂಟೆಯ ಕೆಲಸ ಎರಡು ಗಂಟೆಗೆ ಹೋಯಿತು. ಪಫ್ ಸೋರುವುದು ನಿಂತಿತು. ತಿಂದವರು ಮತ್ತೆ ಬಂದು ಕೇಳತೊಡಗಿದರು. ಗಾಜಿನ ಕೋಣೆಗೆ ಮಾತ್ರ ಇದು ಮುಟ್ಟಲಿಲ್ಲ. ಕೆಳಗಿನವರು ಹೇಳಲಿಲ್ಲ, ಮೇಲಿನವರು ಕೇಳಲಿಲ್ಲ.

ಆವತ್ತು ಗುರುವಾರ. ಗುರುವಾರ ಕೆಲಸಗಾರರಿಗೆಲ್ಲ ನಾಲ್ಕು ಪಫ್‌ನ ಒಂದು ಡಬ್ಬ ಸಿಗುತ್ತಿತ್ತು. ಹೂರಣ ಅದನ್ನು ಎದೆಗವಚಿಕೊಂಡು, ಮನಸ್ಸಿನಲ್ಲಿ ಹದಿನೆಂಟನೇ ಉತ್ತರ ಮಸೆಯುತ್ತ ಮನೆಗೆ ಬಂದ. ಮನೆ ಅಂದರೆ ಅಕ್ಕನ ಮನೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಭಾವ ಲಾರಿ ಓಡಿಸುವವರು, ತಿಂಗಳಿಗೆ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಅಕ್ಕ ಗಾರ್ಮೆಂಟಿನಲ್ಲಿ ಶರಟಿನ ಕಾಲರ್ ಹೊಲಿಯುತ್ತಿದ್ದಳು. ಉಳಿದವಳು ಹತ್ತು ವರ್ಷದ ಗುಬ್ಬಿ, ಅಕ್ಕನ ಒಬ್ಬಳೇ ಮಗಳು, ಅವನ ಪ್ರಾಣ.

ಗುಬ್ಬಿಗೆ ಏಳನೇ ವರ್ಷದಲ್ಲೇ ಸಕ್ಕರೆ ಕಾಯಿಲೆ ಬಂದಿತ್ತು. ಊಟಕ್ಕೆ ಮುಂಚೆ ಬೆರಳು ಚುಚ್ಚಿ ರಕ್ತ ನೋಡಿಕೊಳ್ಳಬೇಕು, ಆಮೇಲೆ ಇನ್ಸುಲಿನ್ ತಗೋಬೇಕು. ಅವಳ ಡಾಕ್ಟರಮ್ಮ ಅದು ಬೇಡ, ಇದು ಬೇಡ ಅನ್ನುವವರಲ್ಲ. ತಿನ್ನು, ಆದರೆ ಎಣಿಸಿ ತಿನ್ನು ಅನ್ನುವವರು. ಹತ್ತು ಗ್ರಾಂ ಕಾರ್ಬೋಹೈಡ್ರೇಟಿಗೆ ಒಂದು ಯೂನಿಟ್ ಇನ್ಸುಲಿನ್ ಅಂತ ಗುಬ್ಬಿಗೆ ಹೊಂದುವ ಲೆಕ್ಕ ಬರೆದುಕೊಟ್ಟಿದ್ದರು. ಬೇರೆ ಮಕ್ಕಳು ಬಿಸ್ಕತ್ ಪೊಟ್ಟಣದ ಮುಂದಿನ ಚಿತ್ರ ನೋಡಿದರೆ ಇವಳು ಅದರ ಹಿಂಬದಿ ತಿರುಗಿಸಿ ಚೀಟಿ ಓದುತ್ತಿದ್ದಳು. ಮಾಮನ ಪಫ್‌ನ ಚೀಟಿ ಅವಳಿಗೆ ಬಾಯಿಪಾಠ. ಒಂದು ಪಫ್‌ಗೆ ಕಾರ್ಬೋಹೈಡ್ರೇಟ್ ನಲವತ್ತಮೂರು ಗ್ರಾಂ. ಅಂದರೆ ನಾಲ್ಕು ಯೂನಿಟ್. ಗುರುವಾರ ಒಂದೇ ಒಂದು ಪಫ್. ವಾರವೆಲ್ಲ ಅವಳು ಕಾಯುತ್ತಿದ್ದದ್ದು ಅದಕ್ಕೇ.

ಆದರೆ ಮೂರು ತಿಂಗಳಿಂದ ಪ್ರತಿ ಗುರುವಾರವೂ ಅವಳ ಶುಗರ್ ಗಾಳಿಪಟದ ಹಾಗೆ ಏರುತ್ತಿತ್ತು. ಆ ಸಂಜೆಯೂ ಹಾಗೇ ಆಯಿತು. ನಾಲ್ಕೂವರೆಗೆ ಪಫ್ ತಿಂದಳು. ಆರೂವರೆಗೆ ಬೆರಳು ಚುಚ್ಚಿದಾಗ ಮೀಟರ್ ಮುನ್ನೂರ ಹನ್ನೆರಡು ತೋರಿಸಿತು.

ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಗುಬ್ಬಿಯ ಸ್ಕೂಲ್ ಬ್ಯಾಗನ್ನು ನೆಲದ ಮೇಲೆ ಸುರಿದಳು. ಕಂಪಾಸು, ಪುಸ್ತಕ, ಒಂದು ತುಂಡು ರಬ್ಬರು, ಎರಡು ಹಕ್ಕಿ ಗರಿ ಬಿದ್ದವು. ಚಾಕಲೇಟಿನ ಕಾಗದ ಸಿಗಲಿಲ್ಲ. ದಿಂಬಿನಡಿ ನೋಡಿದಳು, ಶೂ ಒಳಗೆ ಕೈಹಾಕಿದಳು. ಸೋಮವಾರ ಕ್ಲಿನಿಕ್ಕಿಗೆ ಹೋಗಬೇಕಿತ್ತು. ಹೀಗೇ ಏರುತ್ತಿದ್ದರೆ ಸಂಜೆಯ ಡೋಸು ಹೆಚ್ಚು ಮಾಡಬೇಕಾಗುತ್ತದೆ ಅಂತ ಡಾಕ್ಟರಮ್ಮ ಕಳೆದ ಸಲವೇ ಹೇಳಿದ್ದರು. ಅದು ಅಕ್ಕನಿಗೆ ಎದೆಯ ಮೇಲೆ ಕಲ್ಲು. ಹೋದ ವರ್ಷ ಒಮ್ಮೆ ಡೋಸು ಹೆಚ್ಚಾಗಿ, ಶುಗರ್ ತೀರ ಇಳಿದು, ಗುಬ್ಬಿ ಶಾಲೆಯ ಮೆಟ್ಟಿಲ ಮೇಲೆ ಬೆವತು ಕುಸಿದಿದ್ದಳು. ಆ ಮಧ್ಯಾಹ್ನವನ್ನು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ನೆನೆಯುತ್ತಿರಲಿಲ್ಲ.

“ಕದ್ದು ಏನು ತಿಂದೆ ಹೇಳು. ಬೈಯಲ್ಲ. ಹೇಳಿದ್ರೆ ಸಾಕು.”

“ಏನೂ ಇಲ್ಲಮ್ಮ. ಪಫ್ ಒಂದೇ.”

“ಹಾಗಾದ್ರೆ ಇಷ್ಟು ಸಕ್ಕರೆ ಎಲ್ಲಿಂದ ಬಂತು? ಆಕಾಶದಿಂದ ಉದುರ್ತಾ?”

ಗುಬ್ಬಿ ಮಾಮನ ಕಡೆ ನೋಡಿದಳು. ಹೂರಣ ಆಗಲೂ ಬೆಳಗಿನ ಅವಮಾನವನ್ನೇ ಮೆಲುಕು ಹಾಕುತ್ತಿದ್ದ. ಯೋಚಿಸದೆ ಬಾಯಿ ಬಿಟ್ಟ.

“ನಿಜ ಹೇಳಿಬಿಡು ಪುಟ್ಟಾ. ಯಾರೂ ಏನೂ ಅನ್ನಲ್ಲ.”

ಗುಬ್ಬಿ ಅಳಲಿಲ್ಲ. “ನೀನೂನಾ ಮಾಮ?” ಅಂದಳು ಅಷ್ಟೇ. ಸುರಿದಿದ್ದ ಪುಸ್ತಕಗಳನ್ನು ಒಂದೊಂದಾಗಿ ಬ್ಯಾಗಿಗೆ ತುಂಬಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು.

ಆ ಮಾತು ಹುಟ್ಟಿನ ಏಟಿನ ಹಾಗೆ ಬಿತ್ತು. ಬೆಳಗ್ಗೆ ಅವನನ್ನು ಹಾಲಿನ ನಡುವೆ ನಿಲ್ಲಿಸಿ ಕೇಳಿದ್ದೂ ಇದನ್ನೇ ತಾನೆ? ತಿಂದೆಯಾ, ಎಷ್ಟು ತಿಂದೆ, ಎಲ್ಲಿ ಹೋಯಿತು. ಅವನು ಸತ್ಯ ಹೇಳಿದ, ಯಾರೂ ನಂಬಲಿಲ್ಲ. ಈಗ ಈ ಮಗುವೂ ಸತ್ಯ ಹೇಳಿತ್ತು. ನಂಬದವರ ಸಾಲಿನಲ್ಲಿ ಅವನೇ ಮುಂದೆ ನಿಂತಿದ್ದ. ಥೂ ನಿನ್ನ ಜನ್ಮಕ್ಕೆ, ಅಂತ ತನಗೆ ತಾನೇ ಉಗಿದುಕೊಂಡ. ಸಾರಿಗೆ ಮಸೆದಿಟ್ಟಿದ್ದ ಹದಿನೆಂಟು ಉತ್ತರಗಳಲ್ಲಿ ಒಂದೂ ಇಷ್ಟು ಚೂಪಾಗಿರಲಿಲ್ಲ.

ಡಬ್ಬ ನೆಲದ ಮೇಲಿತ್ತು, ಚೀಟಿ ಮೇಲ್ಮುಖವಾಗಿ. ನಲವತ್ತಮೂರು. ಈ ನಲವತ್ತಮೂರು ಎಲ್ಲಿಂದ ಬಂತು ಅನ್ನುವುದು ಅವನಿಗೆ ಗೊತ್ತಿತ್ತು. ಕೊಪ್ಪರಿಗೆಯ ಮೇಲಿನ ಗೋಡೆಗೆ ಅಂಟಿಸಿದ ಹಾಳೆಯ ಕೊನೆಯ ಸಾಲುಗಳನ್ನು ಅವನು ಮೂರು ತಿಂಗಳಿಂದ, ದಿನಕ್ಕೆ ನಾಲ್ಕು ಗಂಟೆ, ಬೇರೆ ನೋಡಲು ಏನೂ ಇಲ್ಲದ್ದರಿಂದ ನೋಡಿದ್ದ. ಹಿಟ್ಟಿನ ಪದರ ಇಪ್ಪತ್ತೇಳು. ಹೂರಣ ಹದಿನಾರು. ಒಟ್ಟು ನಲವತ್ತಮೂರು.

ಹೂರಣ ಹದಿನಾರು. ಯಾವ ಹೂರಣ? ಒಲೆ ಏರುವ ಮುಂಚಿನದೋ, ಇಳಿದ ಮೇಲಿನದೋ?

ಮುಂಚಿನದು. ಕಂಪ್ಯೂಟರಿಗೆ ಒಲೆ ಎಲ್ಲಿದೆ? ಸಾರ್ ಇಪ್ಪತ್ತಾರು ಕಿಲೋ ತುಂಬಿದರು, ಅದು ಐನೂರ ಇಪ್ಪತ್ತರಿಂದ ಭಾಗಿಸಿತು. ಆದರೆ ಕೊಪ್ಪರಿಗೆಯಿಂದ ಏಳುವುದು ಇನ್ನೂರ ಅರವತ್ತೇ. ನೀರು ಆವಿಯಾಗಿ ಕಿಟಕಿಯಿಂದ ಹೊರಗೆ ಹೋಗುತ್ತದೆ. ಸಕ್ಕರೆ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಇಲ್ಲ. ಸಕ್ಕರೆಗೆ ರೆಕ್ಕೆಯಿಲ್ಲ. ಅದು ತಳದಲ್ಲೇ ಕೂತಿರುತ್ತದೆ, ಅದಕ್ಕೇ ಅಲ್ಲವೇ ಹುಟ್ಟು ನೆಟ್ಟಗೆ ನಿಲ್ಲುವುದು.

ಅವನು ಡಬ್ಬ ಹಿಡಿದು ಮೆಟ್ಟಿಲಿಗೆ ಓಡಿದ. ಗುಬ್ಬಿ ಮುಖ ತಿರುಗಿಸಿಕೊಂಡಳು.

“ಗುಬ್ಬಿ, ನೀನು ಕದ್ದಿಲ್ಲ. ನಾನೊಬ್ಬ ಮುಟ್ಠಾಳ. ಒಂದು ಲೆಕ್ಕ ಮಾಡಿಕೊಡು, ಆಮೇಲೆ ಬೇಕಾದ್ರೆ ಒಂದು ವಾರ ಮಾತಾಡಬೇಡ.”

ಗುಬ್ಬಿಗೆ ಸಿಟ್ಟಿಗಿಂತ ಲೆಕ್ಕದ ಹುಚ್ಚು ಹೆಚ್ಚು. ಪೆನ್ಸಿಲ್ ತೆಗೆದಳು. ಐನೂರ ಇಪ್ಪತ್ತು ಜನ ಹಂಚಿಕೊಂಡರೆ ಒಬ್ಬೊಬ್ಬರಿಗೆ ಹದಿನಾರು ಸಿಗುತ್ತೆ ಅಂತಿಟ್ಟುಕೋ, ಅದನ್ನೇ ಇನ್ನೂರ ಅರವತ್ತು ಜನ ಹಂಚಿಕೊಂಡರೆ ಎಷ್ಟು, ಅಂತ ಅವನು ಕೇಳಿದ. ಇದಕ್ಕೆ ಪೆನ್ಸಿಲ್ ಯಾಕೆ ಮಾಮ, ಮೂವತ್ತೆರಡು, ಅಂದಳು. ಹಿಟ್ಟಿನ ಇಪ್ಪತ್ತೇಳು ಸೇರಿಸು ಅಂದ. ಐವತ್ತೊಂಬತ್ತು, ಅಂದವಳು ಪೆನ್ಸಿಲ್ ಕಚ್ಚಿಕೊಂಡು ಅದನ್ನು ಹತ್ತರಿಂದ ಭಾಗಿಸಿದಳು.

“ಅಂದ್ರೆ ಆರು ಯೂನಿಟ್. ನಾನು ನಾಲ್ಕೇ ತಗೊಂಡೆ.” ಆಮೇಲೆ ನಿಧಾನವಾಗಿ, “ಎಲ್ಲಾ ಗುರುವಾರವೂ ನಾಲ್ಕೇ,” ಅಂದಳು.

ಬಾಗಿಲಲ್ಲಿ ಅಕ್ಕ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳು ಕಾಲರಿಗೆ ಹೊಲಿಗೆ ಹಾಕುವಾಗ ನೂಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬಿಚ್ಚಿ ಮತ್ತೆ ಹೊಲಿಯುವವಳು. ಲೆಕ್ಕ ಚೆನ್ನಾಗಿದೆ, ಆದರೆ ಮೆಟ್ಟಿಲ ಮೇಲೆ ಮಾಡಿದ ಲೆಕ್ಕ ನಂಬಿ ಮಗಳಿಗೆ ಚುಚ್ಚಲು ನನಗೆ ಧೈರ್ಯವಿಲ್ಲ ಅಂದಳು. ಕ್ಲಿನಿಕ್ಕಿಗೆ ಹೋಗುವುದು ಸೋಮವಾರ. ಅಷ್ಟರೊಳಗೆ ಬೇಕರಿಯವರ ಬಾಯಿಂದ ಬರಲಿ. ಇಲ್ಲದಿದ್ದರೆ ಡಾಕ್ಟರಮ್ಮ ಏನು ಹೇಳುತ್ತಾರೋ ಅದೇ.

ಅಂದರೆ ಇನ್ನು ಮೂರು ದಿನ. ಆ ಹೊತ್ತಿನಿಂದ ಹೂರಣನ ಎದೆಯಲ್ಲಿ ಸಿಟ್ಟಿನ ಪಕ್ಕದಲ್ಲೇ ಭಯವೂ ಬಂದು ಕೂತಿತು. ದಪ್ಪಗೆ ಕಾಯಿಸಿದ್ದು ಯಾರು? ಇದೇ ಕೈ. ತಾತನ ಟ್ರೇ ಉಳಿಸಲು ಹೋಗಿ ಗುಬ್ಬಿಯ ರಕ್ತಕ್ಕೆ ಸಕ್ಕರೆ ಸುರಿದದ್ದೂ ಇದೇ ಕೈ.

ಶುಕ್ರವಾರ ಬೆಳಗ್ಗೆ ಗಾಜಿನ ಕೋಣೆಯ ಬಾಗಿಲು ತಟ್ಟಿದ. ಚೀಟಿ ತಪ್ಪಿದೆ ಸಾರ್ ಅಂದದ್ದೇ ತಡ, ಕಂಪ್ಯೂಟರ್ ತಪ್ಪು ಮಾಡಲ್ಲ ಅಂತ ಉತ್ತರ ಬಂತು. ಕೊಪ್ಪರಿಗೆ ತೂಗಿ ನೋಡಿ ಅಂದ. ಮಾಲು ಕದ್ದವನೇ ತಕ್ಕಡಿ ಹಿಡೀತಾನಾ, ಅಂತ ಸಾರ್ ನಕ್ಕು ಫೋನು ಎತ್ತಿಕೊಂಡರು. ಬಾಗಿಲು ಮುಚ್ಚಿಕೊಂಡು ಹೋಗು ಅನ್ನುವುದನ್ನು ಕೈಯಲ್ಲೇ ಹೇಳಿದರು. ಆವತ್ತು ಅವನು ಉತ್ತರ ಮಸೆಯಲೂ ಹೋಗಲಿಲ್ಲ. ಹೊಳೆದರೆ ಏನು ಬಂತು, ಉತ್ತರದಿಂದ ಶುಗರ್ ಇಳಿಯುತ್ತದೆಯೇ? ಮಧ್ಯಾಹ್ನ ಊಟಕ್ಕೆ ಕೂತಾಗ ಟೇಪಕ್ಕ ಪಕ್ಕಕ್ಕೆ ಸರಿದು, ನಾಳೆ ದೊಡ್ಡಮ್ಮ ಬರ್ತಾರೆ ಕಣೋ, ಅವರ ಮುಂದೆ ಬಾಯಿ ಬಿಡು, ನಮ್ಮ ಮುಂದೆ ಗೊಣಗಿ ಏನು ಪ್ರಯೋಜನ, ಅಂದಳು.

ದೊಡ್ಡಮ್ಮ ಬೇಕರಿಯ ಯಜಮಾನಿ. ಎಪ್ಪತ್ತು ದಾಟಿದ, ಒಂದು ಮಂಡಿ ನೋಯುವ, ಮಾತು ಕಮ್ಮಿಯ ಹೆಂಗಸು. ಶನಿವಾರಕ್ಕೊಮ್ಮೆ ಬಂದು, ಪ್ರತಿ ಟ್ರೇಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಸರಿ ಅಂದರೆ ತಲೆ ಆಡಿಸಿ ಹೋಗುವುದು ಅವರ ಪದ್ಧತಿ. ಅವರು ಓವನ್ನಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಾಗ ಹೂರಣ ಹೋಗಿ ನಿಂತ. ಅವರ ಪಕ್ಕದಲ್ಲೇ ಸಾರ್. ಮೇಜಿನ ಸುತ್ತ ಅದೇ ಹದಿನಾಲ್ಕು ಹೆಂಗಸರು. ಗುರುವಾರ ನಕ್ಕವರ ಮುಂದೆಯೇ ಮತ್ತೆ ಬಾಯಿ ತೆರೆಯಬೇಕಿತ್ತು. ಆದರೆ ಮೆಟ್ಟಿಲ ಮೇಲೆ ಮುಖ ತಿರುಗಿಸಿ ಕೂತ ಗುಬ್ಬಿ ಕಣ್ಣ ಮುಂದೆ ಬಂದಳು.

“ದೊಡ್ಡಮ್ಮ, ಒಂದು ಕೊಪ್ಪರಿಗೆ ನಿಮ್ಮ ಕಣ್ಣೆದುರಿಗೇ ತೂಗಬೇಕು. ಒಲೆ ಏರೋ ಮುಂಚೆ ಒಂದು ಸಲ, ಇಳಿದ ಮೇಲೆ ಒಂದು ಸಲ.”

ಸಾರ್ ನಡುವೆ ಬಾಯಿ ಹಾಕಿ, ಇದೊಂದು ಕಳ್ಳಾಟದ ಮುಂದುವರಿಕೆ, ಆಮೇಲೆ ವಿವರವಾಗಿ ಹೇಳುತ್ತೇನೆ ಅಂದರು. ದೊಡ್ಡಮ್ಮ ಅವರ ಕಡೆ ನೋಡಲೇ ಇಲ್ಲ.

“ಯಾಕೆ ತೂಗಬೇಕು?”

“ಚೀಟಿಯಲ್ಲಿರೋ ಅಂಕಿ ನಂಬಿಕೊಂಡು ನನ್ನ ಅಕ್ಕನ ಮಗಳು ಇನ್ಸುಲಿನ್ ತಗೋತಾಳೆ. ಅಂಕಿ ತಪ್ಪಿದೆ. ತಪ್ಪಿದ್ದರಲ್ಲಿ ನನ್ನ ಪಾಲೂ ಇದೆ. ದಪ್ಪಗೆ ಕಾಯಿಸಿದ್ದು ನಾನು, ಯಾರಿಗೂ ಹೇಳದೆ.”

ಓವನ್ ತಾತ ಟ್ರೇ ಕೆಳಗಿಟ್ಟ. “ನಾನೇ ಹೇಳಿ ಕಾಯಿಸಿದ್ದು,” ಅಂದ.

ದೊಡ್ಡಮ್ಮ ಇಬ್ಬರ ಮುಖವನ್ನೂ ನೋಡಿದರು. “ತೂಗಿ,” ಅಂದರು.

ಹಿಟ್ಟಿನ ಮೂಟೆ ತೂಗುವ ತೂಕದ ಯಂತ್ರವನ್ನು ಒಲೆ ಮನೆಗೆ ಎಳೆದು ತಂದರು. ಖಾಲಿ ಕೊಪ್ಪರಿಗೆ ಒಂಬತ್ತು ಕಿಲೋ. ಸೇಬು, ಸಕ್ಕರೆ ಸುರಿದ ಮೇಲೆ ಮೂವತ್ತೈದು. ಟೇಪಕ್ಕ ಎರಡೂ ಅಂಕಿಗಳನ್ನು ಡಬ್ಬದ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು. ಆಮೇಲೆ ಎರಡು ಗಂಟೆ. ದೊಡ್ಡಮ್ಮ ಎದ್ದು ಹೋಗಲಿಲ್ಲ, ಕುರ್ಚಿಯನ್ನು ಒಲೆ ಮನೆಯ ಬಾಗಿಲಿಗೆ ಹಾಕಿಸಿಕೊಂಡರು. ಅವರು ಹೋಗದ ಮೇಲೆ ಸಾರ್ ಹೋಗುವುದು ಹೇಗೆ? ನಿಂತರು. ಮೊದಲ ಹತ್ತು ನಿಮಿಷಕ್ಕೇ ಕನ್ನಡಕ ಮಬ್ಬಾಯಿತು. ಕರವಸ್ತ್ರದಲ್ಲಿ ಒರೆಸಿಕೊಂಡರು. ಮತ್ತೆ ಮಬ್ಬು, ಮತ್ತೆ ಒರೆಸಿದರು. ಕಿಟಕಿಯ ಗಾಜಿನ ಮೇಲೆ ನೀರು ಗೆರೆ ಗೆರೆಯಾಗಿ ಇಳಿಯುತ್ತಿತ್ತು, ಚಾವಣಿಯಿಂದ ಹನಿ ಹನಿಯಾಗಿ ಅವರ ಇಸ್ತ್ರಿ ಶರಟಿನ ಮೇಲೆ ಬೀಳುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆದರೂ ಅವರು ಯಂತ್ರದ ಕಡೆಯೇ ನೋಡುತ್ತಿದ್ದರು. ಹೂರಣ ಯಾರ ಕಡೆಗೂ ನೋಡದೆ ಕಲಕಿದ. ಒಂದು ವೇಳೆ ಈವತ್ತು ಹದಿನಾರು ಕಿಲೋ ಉಳಿದುಬಿಟ್ಟರೆ, ಹದಿನೆಂಟು ಉಳಿದುಬಿಟ್ಟರೆ? ಮೂರು ತಿಂಗಳು ಕಣ್ಣಳತೆಯಲ್ಲಿ ಮಾಡಿದ ಕೆಲಸ. ಕಣ್ಣೇ ಮೋಸ ಮಾಡಿದ್ದರೆ ಗುಬ್ಬಿಯ ಮಾತಿಗೆ ಈ ಲೋಕದಲ್ಲಿ ಸಾಕ್ಷಿಯಿಲ್ಲ.

ಕೊನೆಗೆ ಹುಟ್ಟನ್ನು ನಡುವೆ ಚುಚ್ಚಿ ಕೈಬಿಟ್ಟ. ಅದು ನಿಂತಿತು. ಹುಟ್ಟು ತೆಗೆದು ನಾಲ್ಕು ಜನ ಕೊಪ್ಪರಿಗೆಯನ್ನು ಯಂತ್ರದ ಮೇಲಿಟ್ಟರು.

ಇಪ್ಪತ್ತೆರಡು.

ಟೇಪಕ್ಕ ರಟ್ಟಿನ ಮೇಲೆ ಕಳೆಯುವ ಲೆಕ್ಕ ಮಾಡಿ, ಹದಿಮೂರು ಅನ್ನುವುದರ ಸುತ್ತ ಒಂದು ಸೊನ್ನೆ ಸುತ್ತಿದಳು. ಯಾರೂ ನಗಲಿಲ್ಲ. ದೊಡ್ಡಮ್ಮ ಚಮಚದ ತುದಿಯಲ್ಲಿ ಒಂದಿಷ್ಟು ಹೂರಣ ತೆಗೆದು, ಊದಿ, ಬಾಯಿಗೆ ಹಾಕಿಕೊಂಡರು. “ಇದು ಹೀಗೇ ಇರಬೇಕು,” ಅಂದರು. ಆಮೇಲೆ ಸಾರ್ ಕಡೆ ತಿರುಗಿ, “ಚೀಟಿ ಹೀಗಿರಬಾರದು,” ಅಂದರು.

ಉಳಿದದ್ದೆಲ್ಲ ಅವರು ಕುರ್ಚಿಯಿಂದ ಏಳುವ ಮುಂಚೆಯೇ ತೀರ್ಮಾನವಾಯಿತು. ಹಳೆ ಚೀಟಿಯ ಡಬ್ಬ ಒಂದೂ ಹೊರಗೆ ಹೋಗಬಾರದು. ಅಂಗಡಿಗಳಿಗೆ ಫೋನು ಮಾಡಿ ಇರುವ ಡಬ್ಬಗಳನ್ನು ವಾಪಸು ತರಿಸಬೇಕು, ಅಂಕಿ ತಪ್ಪಿತ್ತು ಅಂತ ಅಲ್ಲಿ ಬರೆದು ಹಾಕಿಸಬೇಕು. ಒಂದು ಡಬ್ಬ ಹೊರಗಿನ ಪರೀಕ್ಷಾಲಯಕ್ಕೆ ಹೋಗಬೇಕು. ಸೋಮವಾರದಿಂದ ಒಂದು ಆಸ್ಪತ್ರೆಯ ಕ್ಯಾಂಟೀನಿಗೆ ದಿನಕ್ಕೆ ನೂರು ಪಫ್ ಹೋಗಬೇಕಿತ್ತು. ಅದನ್ನು ಕೇಳಿದಾಗ ದೊಡ್ಡಮ್ಮ ಕಣ್ಣು ಮುಚ್ಚಿ ದೊಡ್ಡದೊಂದು ಉಸಿರು ಬಿಟ್ಟರು. ಸದ್ಯ, ಎರಡು ದಿನ ಮುಂಚೆ ಗೊತ್ತಾಯಿತು, ಅಂದರು. ಹೋಗುವಾಗ ಹೂರಣನ ಹತ್ತಿರ ನಿಂತು, ಆ ಮಗುವಿಗೆ ನಾನು ಕೇಳಿದೆ ಅಂತ ಹೇಳು ಅಂದರು. ತೂಕದ ವಿವರ ಬರೆದ ಹಾಳೆಗೆ ತಾವೇ ಸಹಿ ಹಾಕಿ ಅವನ ಕೈಗಿತ್ತರು.

ಆ ಹಾಳೆ ಸೋಮವಾರ ಕ್ಲಿನಿಕ್ಕಿನ ಮೇಜಿನ ಮೇಲೆ ಬಂತು. ಡಾಕ್ಟರಮ್ಮ ಅದನ್ನೂ ಗುಬ್ಬಿ ದಿನಾ ಶುಗರ್ ಬರೆದಿಡುವ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿ, ಗುರುವಾರ ಬಿಟ್ಟರೆ ಉಳಿದ ದಿನವೆಲ್ಲ ಸರಿಯಾಗೇ ಇದೆಯಲ್ಲ, ನಾನೂ ಇದನ್ನು ಗಮನಿಸಬೇಕಿತ್ತು ಅಂದರು. ಡೋಸು ಹೆಚ್ಚಿಸಲಿಲ್ಲ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಪಫ್ ಬೇಡ, ಬಂದ ಮೇಲೆ ಅದರ ಪ್ರಕಾರ ಎಣಿಸಿ ತಿನ್ನು, ತಿಂದಾದ ಮೇಲೆ ನನಗೆ ಫೋನು ಮಾಡು ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಯಾಕೋ ಗುಬ್ಬಿಯ ಜಡೆ ಬಿಚ್ಚಿ ಮತ್ತೆ ಹೆಣೆದಳು. ಚೆನ್ನಾಗಿಯೇ ಇತ್ತು ಜಡೆ. ತಪ್ಪಾಯಿತು ಅನ್ನುವ ಮಾತು ಅವಳ ಬಾಯಿಂದ ಈ ಜನ್ಮದಲ್ಲಿ ಬರುವುದಿಲ್ಲ, ಕೈಯಿಂದ ಬರುತ್ತದೆ ಅಂತ ಗುಬ್ಬಿಗೂ ಗೊತ್ತಿತ್ತು. ಕತ್ತು ಅಲ್ಲಾಡಿಸದೆ ಕೂತಳು.

ಬುಧವಾರ ಫಲಿತಾಂಶ ಬಂತು. ಒಂದು ಪಫ್‌ಗೆ ಕಾರ್ಬೋಹೈಡ್ರೇಟ್ ಐವತ್ತೆಂಟು ಗ್ರಾಂ. ಮೆಟ್ಟಿಲ ಮೇಲಿನ ಲೆಕ್ಕಕ್ಕೂ ಪರೀಕ್ಷಾಲಯದ ಯಂತ್ರಕ್ಕೂ ಒಂದೇ ಗ್ರಾಮಿನ ಜಗಳ.

ಗುರುವಾರ ನಾಲ್ಕೂವರೆಗೆ ಗುಬ್ಬಿ ಆರು ಯೂನಿಟ್ ತಗೊಂಡು ಪಫ್ ತಿಂದಳು. ಮೊದಲು ಅಂಚಿನ ಪದರಗಳನ್ನು ಬಿಡಿಸಿಕೊಂಡು, ಕೊನೆಗೆ ಹೂರಣದ ಭಾಗ ಉಳಿಸಿಕೊಂಡು, ಬೆರಳಿಗಂಟಿದ ಚೂರನ್ನೂ ಬಿಡದೆ, ತನ್ನ ಹಳೆಯ ರೀತಿಯಲ್ಲೇ. ಆಮೇಲೆ ಮೂವರೂ ಗಡಿಯಾರ ನೋಡುತ್ತ ಕೂತರು. ಅಕ್ಕ ಒಂದೇ ಗುಂಡಿಯನ್ನು ಮೂರು ಸಲ ಹೊಲಿದಳು. ಹೂರಣ ಕೆಳಗಿನ ಅಂಗಡಿಯ ಮುಂದೆ ನಿಂತಿದ್ದ ಸೈಕಲ್‌ಗಳನ್ನು ಎಣಿಸಿದ, ಮತ್ತೆ ಎಣಿಸಿದ. ಆರೂವರೆಗೆ ಗುಬ್ಬಿ ಬೆರಳು ಚುಚ್ಚಿಕೊಂಡಳು. ಮೀಟರಿನ ಮೇಲೆ ಮೂವರ ತಲೆಯೂ ಒಂದಕ್ಕೊಂದು ತಾಗುವ ಹಾಗೆ ಬಾಗಿದವು.

ನೂರ ನಲವತ್ತಾರು.

ಅಕ್ಕ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟಳು, ಕಾಲು ಚಾಚಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ, ಅವಳಿಗೂ ತಿಳಿದಿರಲಿಕ್ಕಿಲ್ಲ. ಗುಬ್ಬಿ ಅಂಕಿಯನ್ನು ಪುಸ್ತಕದಲ್ಲಿ ಬರೆದಳು. ಇನ್ನೊಂದು ಚೀಟಿಯಲ್ಲೂ ಬರೆದು ಮಾಮನ ಜೇಬಿಗೆ ತುರುಕಿದಳು.

“ಹಾಗಾದ್ರೆ ಕದ್ದಿದ್ದು ಯಾರು ಮಾಮ?”

“ಆವಿ,” ಅಂದ ಹೂರಣ. “ಕಿಟಕಿಯಿಂದ ಓಡಿಹೋಯ್ತು ಕಳ್ಳಮುಂಡೇದು.”

ಆ ವಾರದಲ್ಲಿ ಮೊದಲ ಸಲ ಅವನಿಗೆ ಹಸಿವಾಯಿತು. ಅಕ್ಕ ಬಡಿಸಿದ್ದನ್ನೆಲ್ಲ ತಿಂದ, ಪಾತ್ರೆಯ ತಳ ಕೆರೆದು ತಿಂದ. ನಿನ್ನ ಹೊಟ್ಟೇಲಿ ಹುಳ ಇದೆಯೇನೋ ಅಂತ ಅಕ್ಕ ಕೇಳಿದಾಗ ಎಷ್ಟು ನಕ್ಕನೆಂದರೆ ನೆತ್ತಿಗೆ ಹತ್ತಿತು.

ಶುಕ್ರವಾರ ಬೆಳಗ್ಗೆ ಪ್ಯಾಕಿಂಗ್ ಹಾಲಿನಲ್ಲಿ ಹೆಂಗಸರು ಹಳೆ ಅಂಕಿಯ ಮೇಲೆ ಹೊಸ ಚೀಟಿ ಅಂಟಿಸುತ್ತಿದ್ದರು. ಐವತ್ತೆಂಟು, ಐವತ್ತೆಂಟು, ಐವತ್ತೆಂಟು. ಹೂರಣ ಒಲೆಯ ಮೇಲೆ ಮೊದಲ ಕೊಪ್ಪರಿಗೆ ಏರಿಸಿ, ಸಕ್ಕರೆ ತರಲು ಉಗ್ರಾಣಕ್ಕೆ ಹೋಗಿ ಬರುತ್ತಿದ್ದ. ನಡುದಾರಿಯಲ್ಲಿ ಕ್ವಾಲಿಟಿ ಸಾರ್ ಎದುರಾದರು. ಹೊಸ ಶರಟು, ಅದೇ ಕನ್ನಡಕ.

“ಬಾಪ್ಪಾ ವಿಜ್ಞಾನಿ. ಕುರುಡು ಕೋಳಿಗೂ ಒಂದೊಂದು ಸಲ ಕಾಳು ಸಿಗುತ್ತೆ. ದೊಡ್ಡಮ್ಮನ ಮುಂದೆ ನನ್ನ ಮರ್ಯಾದೆ ಹರಾಜು ಹಾಕಿದೆಯಲ್ಲ, ಈಗ ಸಮಾಧಾನ ಆಯ್ತಾ? ಇನ್ನೂ ಏನಾದ್ರೂ ಹೇಳೋದಿದ್ರೆ ಹೇಳಿಬಿಡು, ಎಲ್ಲರೂ ಇಲ್ಲೇ ಇದ್ದಾರೆ.”

ಎಲ್ಲರೂ ಇದ್ದರು. ಹದಿನಾಲ್ಕು ಜೋಡಿ ಕೈ ನಿಂತವು. ತಾತ ಓವನ್ನಿನ ಬಾಗಿಲನ್ನು ಅರ್ಧಕ್ಕೇ ಹಿಡಿದ. ಟೇಪಕ್ಕ ಟೇಪನ್ನು ಎಳೆದವಳು ಹರಿಯದೆ ಕಾದಳು. ಈ ಸಲ ನಗುವುದಕ್ಕೆ ಅವರೆಲ್ಲ ಹೂರಣನ ಬಾಯಿ ನೋಡುತ್ತಿದ್ದರು.

ಅವನು ಬಾಯಿ ತೆರೆದ. ಹದಿನೆಂಟು ಉತ್ತರಗಳಿದ್ದವಲ್ಲ, ಖಾರದವು, ಮಸೆದಿಟ್ಟವು. ಹುಡುಕಿದ. ಒಂದೂ ಸಿಗಲಿಲ್ಲ. ಇದ್ದ ಜಾಗದಲ್ಲಿ ಒಂದು ಅಂಕಿ ಮಾತ್ರ ಇತ್ತು, ಜೇಬಿನ ಚೀಟಿಯಲ್ಲಿ ಗುಬ್ಬಿಯ ಗುಂಡು ಗುಂಡು ಕೈಬರಹದಲ್ಲಿ. ಸಾರ್ ಕನ್ನಡಕದೊಳಗಿನಿಂದ ನೋಡುತ್ತಲೇ ಇದ್ದರು. ಒಲೆ ಮನೆಯ ಕಡೆಯಿಂದ ಸೇಬು ಕುದಿಯಲು ಶುರುವಾದ ಸದ್ದು ಕೇಳಿಸಿತು. ಇನ್ನೊಂದು ನಿಮಿಷ ತಡವಾದರೂ ತಳ ಹಿಡಿಯುತ್ತದೆ.

ಅವನು ಸಕ್ಕರೆ ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿಕೊಂಡು, ಸಾರ್ ಪಕ್ಕದಿಂದ ಹಾದು, ಒಲೆಯ ಕಡೆ ನಡೆದ.